ಕಿತ್ತವರ ಕಟ್ಟಿಗೆ

ಹತ್ತಿ ಬಿಡಿಸಿದ ಮೇಲೆ, ಒಣಗಿ ನಿಂತ ಗಿಡಗಳನ್ನು ಯಾರು ಕೀಳುತ್ತಾರೋ ಅವರೇ ಆ ಕಟ್ಟಿಗೆಯನ್ನು ಒಲೆಗೆ ಒಯ್ಯುವುದು ಆ ಊರಿನ ರೂಢಿ. ಈ ಸಲ ಹೊಲದ ಗೌಡ ಬದುವಿನ ಮೇಲೆ ನಿಂತು ಅಬ್ಬರಿಸಿದ.

"ಒಂದ ಕಡ್ಡೀನೂ ಮುಟ್ಟಬ್ಯಾಡ್ರಿ! ಕಟ್ಟಿಗಿಯಿಂದ ಗ್ಯಾಸ್ ಮಾಡಿ ಕರೆಂಟ್ ತಗಿಯೋ ಫ್ಯಾಕ್ಟರಿ ಆಗೇತಿ. ಎಲ್ಲಾ ಅಲ್ಲಿಗೇ. ಕಿತ್ತು ಹೊರಿ ಕಟ್ಟಿ, ಕೂಲಿ ತಗೊಂಡು ನಡೀರಿ."

"ಒಲಿಗೆ ಏನ್ ಹಚ್ಚೂಣ್ರಿ ಗೌಡ್ರ?" ಕೂಲಿ ಹೆಂಗಸರ ಮುಂದಾಳು ಫಕ್ಕೀರವ್ವ ಕೇಳಿದಳು.

"ನಿನ್ನ ಕೈಕಾಲು ಹಚ್ಚು."

ಆಕೆ ಸೆರಗು ಸಿಕ್ಕಿಸಿಕೊಂಡು ಗಿಡ ಕೀಳಲು ಬಾಗಿದಳು. ಸಂಜೆಯ ಹೊತ್ತಿಗೆ ಹೊರೆಗಳೆಲ್ಲ ಸಾಲಾಗಿ ಬಿದ್ದಿದ್ದವು.

ಮರುದಿನ ಫ್ಯಾಕ್ಟರಿ ಗೇಟಿನಲ್ಲಿ ಗೌಡನ ಟ್ರ್ಯಾಕ್ಟರ್ ನಿಲ್ಲಿಸಿ, ಅಲ್ಲಿಯ ಕೆಲಸಗಾರ ಒಂದು ಹೊರೆಯ ನಡುವೆ ಕೈ ತೂರಿಸಿ ನೋಡಿದ.

"ಒಳಗ ಹಸಿ ಐತ್ರಿ. ಇದನ್ನ ಹಾಕಿದ್ರ ಡಾಂಬರಿನಂಥಾ ಜಿಡ್ಡು ಬಂದು ಎಂಜಿನ್ ಕೆಡ್ತೈತಿ. ತಿರುಗಿ ಒಯ್ರಿ."

"ನಿನ್ನ ಫ್ಯಾಕ್ಟರಿಗೆ ಬೆಂಕಿ ಬೀಳ್ಲಿ!" ಗೌಡ ಹೊರೆಗಳನ್ನೆಲ್ಲ ರಸ್ತೆ ಬದಿಗೆ ಕೆಡವಿಸಿ, ಖಾಲಿ ಟ್ರ್ಯಾಕ್ಟರ್ ಓಡಿಸಿಕೊಂಡು ಹೋದ.

ಎದುರಿನ ಬೇವಿನ ನೆರಳಲ್ಲಿ ಹೆಂಗಸರೊಡನೆ ಬೆಳಿಗ್ಗೆಯಿಂದ ಕಾದು ಕೂತಿದ್ದ ಫಕ್ಕೀರವ್ವ ಹೊರೆ ಹೊರಲು ತಲೆಗೆ ಸಿಂಬಿ ಇಟ್ಟುಕೊಂಡಳು.

"ಏಳ್ರೇ, ನಿನ್ನಿ ಸಂಜಿಗೆ ಹೊರಿ ನಡುವಿಗಷ್ಟ ನೀರು ಹಾಕೀನಿ. ಎರಡ ದಿನದ ಬಿಸಿಲಿಗೆ ಒಣಗ್ತಾವ."