ಉಸಿರಿಗೊಂದು ಪ್ರಶ್ನೆ

ಎದೆ ಡಾಕ್ಟರಮ್ಮ ರಕ್ತದ ವರದಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. ಆಮೇಲೆ ಎದುರು ಕೂತ ತಾಯಿಯನ್ನು ಬಿಟ್ಟು, ಪಕ್ಕದಲ್ಲಿದ್ದ ಮಗಳನ್ನು ನೋಡಿದರು.

“ಮನೇಲಿ ಹೇಗಿದ್ದಾರೆ ಇವರು?”

“ಎಷ್ಟೋ ಮೇಲು ಡಾಕ್ಟ್ರೇ.” ಹೊಸಬರ ಎದುರು ಮಗಳ ಮಾತು ಗಂಟಲು ದಾಟುವುದೇ ಕಷ್ಟ. ಇವತ್ತು ಮಾತ್ರ ಹೇಳಿಕೊಳ್ಳುವಂಥದ್ದೊಂದು ಇತ್ತು. “ಮೊದಲು ಸಂಜೆಯಾದ್ರೆ ಗೋಡೆ ಕಡೆ ತಿರುಗಿ ಮಲಗಿಬಿಡೋರು. ಈಗ ದಿನಾ ನನ್ನ ಜೊತೆ ಕೂತು ಮಾತಾಡ್ತಾರೆ.”

“ರಕ್ತ ಹಾಗೆ ಹೇಳ್ತಿಲ್ವಲ್ಲ.” ಡಾಕ್ಟರಮ್ಮ ಕುರ್ಚಿ ಮುಂದಕ್ಕೆಳೆದುಕೊಂಡರು. “ಶ್ವಾಸಕೋಶ ಒಳಗೊಳಗೇ ಉರೀತಿದ್ರೆ ರಕ್ತದಲ್ಲಿ ಕೆಲವು ಅಂಶ ಏರ್ತವೆ. ಹೋದ ಸಲ ಏರಿದ್ದಾಗ ನೆಗಡಿಯಿಂದ ಇರಬಹುದು ಅಂದ್ಕೊಂಡೆ. ಈ ಸಲ ನೆಗಡಿ ಇಲ್ಲ, ಆದರೂ ಇಳಿದಿಲ್ಲ. ಹೀಗಿರೋರಿಗೆ ಮುಂದಿನ ಒಂದೆರಡು ವರ್ಷದಲ್ಲಿ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರೋ ಸಂಭವ ಜಾಸ್ತಿ. ಇದೇನು ಹಣೆಬರಹ ಅಲ್ಲ. ಮೋಡ ನೋಡಿ ಕೊಡೆ ಹಿಡಿದು ಹೊರಟಂಗೆ.”

“ಮೋಡ ಕಪ್ಪಗಿದೆಯಾ?” ಎಂದಳು ತಾಯಿ.

“ಕಪ್ಪಗೇ ಇದೆ.”

ಮಗಳಿಗೆ ನಂಬಿಕೆ ಬರಲಿಲ್ಲ. ತಾಯಿ ಅರ್ಧ ಆಯುಸ್ಸನ್ನು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ, ಸೌದೆ ಒಲೆಯ ಹೊಗೆಯಲ್ಲಿ ಕಳೆದವಳು. ದಮ್ಮು ಅಲ್ಲಿಂದ ಬಂದ ಬಳುವಳಿ. ಉಪ್ಪು ಹಾಕು, ಉರಿ ತಗ್ಗಿಸು, ಪಾತ್ರೆ ಎತ್ತು: ಮಾತು ಅಂದರೆ ಅವಳಿಗೆ ಅಪ್ಪಣೆ, ಅಷ್ಟೇ. ಮಗಳು ಸ್ಕೂಲಿನಿಂದ ಕಥೆ ಹೊತ್ತು ತಂದರೆ “ಹೂಂ, ಕೈಕಾಲು ತೊಳ್ಕೋ ಹೋಗು” ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು ಹುಡುಗಿಗೆ. ಅಂಥ ತಾಯಿ ಹೋದ ಚಳಿಗಾಲದಲ್ಲಿ ಒಂದು ಸಂಜೆ ಇದ್ದಕ್ಕಿದ್ದಂತೆ “ಆಮೇಲೆ?” ಅಂದಳು. ಮರುದಿನ “ಅದಕ್ಕೆ ಅವರೇನಂದ್ರು?” ಅಂದಳು. ಮಗಳು ಕೆಲಸ ಮಾಡುವ ಕನ್ನಡಕದ ಅಂಗಡಿ ಅವತ್ತಿನಿಂದ ದಿನಾ ಮನೆಗೇ ಬರತೊಡಗಿತು. ಗಿರಾಕಿಗಳಿಗಿಂತ ಹೆಚ್ಚು ಹೊತ್ತು ತಾನೇ ಕನ್ನಡಿ ನೋಡಿಕೊಳ್ಳುವ ಯಜಮಾನ, ಹೆಂಡತಿ ಒಬ್ಬಳು ಮಾತ್ರ ಕಾಣದಂಥ ಕನ್ನಡಕ ಇದ್ದರೆ ಕೊಡಿ ಅಂದ ಮುದುಕ, ಎಲ್ಲರೂ. ಇಷ್ಟು ವರ್ಷಕ್ಕೆ ಅಮ್ಮ ತನ್ನತ್ತ ತಿರುಗಿದಳಲ್ಲ ಎಂದು ಮಗಳ ಮನಸ್ಸು ತುಂಬಿಕೊಂಡಿತ್ತು.

“ಇವರು ಮಾತಾಡ್ತಾರಾ, ಇಲ್ಲಾ ನಿಮ್ಮ ಕೈಲಿ ಮಾತಾಡಿಸ್ತಾರಾ?” ಡಾಕ್ಟರಮ್ಮ ಕೇಳಿದರು. “ಒಳಗೆ ಬಂದಾಗಿಂದ ನೋಡ್ತಿದ್ದೀನಿ. ನನ್ನ ಮಗ ಏನು ಓದ್ತಿದ್ದಾನೆ, ಈ ಕಿಟಕಿಗೆ ಪರದೆ ಯಾಕಿಲ್ಲ, ಎಲ್ಲಾ ವಿಚಾರಿಸಿದ್ರು. ನಾನು ಕೇಳಿದ್ದಕ್ಕೆ ಬರೀ ತಲೆ ಆಡಿಸಿದ್ರು. ಉಸಿರು ಸಾಲದವರ ಜಾಣತನ ಇದು. ಚಿಕ್ಕದೊಂದು ಪ್ರಶ್ನೆ ಎಸೆದುಬಿಟ್ರೆ, ಎದುರಿನವರು ಉತ್ತರ ಹೇಳಿ ಮುಗಿಸೋವರೆಗೂ ಉಸಿರಾಡ್ಕೋಬಹುದು. ಹೋದ ಸಲ ನನಗೂ ಟೋಪಿ ಹಾಕಿದ್ರು. ರಕ್ತಕ್ಕೆ ಹಾಕೋಕಾಗಲಿಲ್ಲ, ಅಷ್ಟೇ.”

ತಾಯಿ ಹಾಲಿಗೆ ಬಾಯಿ ಹಾಕಿ ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಬೇರೆ ಕಡೆ ನೋಡಿದಳು.

“ನಿಜಾನಾ ಅಮ್ಮ?”

“ಗೊತ್ತಾದ್ರೆ ನೀನು... ಕೆಲಸ ಬಿಟ್ಟು... ನನ್ನ ಕಾವಲು ಕೂರ್ತಿದ್ದೆ.” ಒಂದೇ ಒಂದು ಮಾತು, ಮೆಟ್ಟಿಲು ಹತ್ತುವವರಂತೆ ನಿಂತು ನಿಂತು ಬಂತು.

ಡಾಕ್ಟರಮ್ಮ ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಬದಲಿಸಿದರು. ಇನ್ನು ತಿಂಗಳಿಗೊಮ್ಮೆ ಬರಬೇಕು, ಕೆಲಸ ಯಾರೂ ಬಿಡಬೇಕಾಗಿಲ್ಲ, ಆದರೆ ಸುಳ್ಳು ಆರೋಗ್ಯ ತೋರಿಸಕೂಡದು ಅಂದರು. ತಾಯಿ ತಲೆ ಆಡಿಸಿದಳು.

ಔಷಧಿ ಕೊಂಡು ಬಂದು ಮಗಳು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತಳು. ಅಮ್ಮನ ಎದೆಯ ಬಗ್ಗೆ ಹೆದರಿಕೆಯಾಗಬೇಕಿತ್ತು, ಆಗಿಯೂ ಇತ್ತು. ಆದರೆ ಅದಕ್ಕೂ ಮುಂಚೆ ಚುಚ್ಚಿದ್ದು ಬೇರೆಯೇ, ಹಾಗೆ ಚುಚ್ಚಿತಲ್ಲ ಅಂತ ನಾಚಿಕೆ ಬೇರೆ. ಅಷ್ಟೂ ಸಂಜೆ ತನ್ನ ಮಾತು ಅಮ್ಮನಿಗೆ ಒಂದು ಕಿಟಕಿಯಾಗಿತ್ತೇ? ಗಾಳಿ ಬರಲಿ ಅಂತ ತೆರೆದಿಟ್ಟದ್ದು, ಯಾರೂ ಹೊರಗೆ ನೋಡದೆ ಇದ್ದದ್ದು?

“ಇನ್ಮೇಲೆ ಏನೂ ಕೇಳ್ಬೇಡಮ್ಮ,” ಅಂದಳು. “ಸುಮ್ನೆ ಉಸಿರಾಡು. ನಾನೂ ಸುಮ್ನಿರ್ತೀನಿ.”

ತಾಯಿ ಮಗಳ ಕಡೆ ತಿರುಗಿ ಕೂತಳು.

“ನಿಮ್ಮಂಗಡೀಲಿ... ಫ್ರೇಮಿಗೆ ಲೆನ್ಸ್ ಕೂರಿಸ್ತಾನಲ್ಲ ಆ ಹುಡುಗ,” ಅಂದಳು. ಉಸಿರು ಎಳೆದುಕೊಂಡಳು. “ಮೊದಮೊದಲು... ಅವನಿಲ್ದೆ ನಿನ್ನ ಕಥೆ... ಮುಂದಕ್ಕೇ ಹೋಗ್ತಿರಲಿಲ್ಲ.” ಮತ್ತೆ ಎಳೆದುಕೊಂಡಳು. “ಈಗ ಸುಮಾರು ದಿನದಿಂದ... ಯಜಮಾನ ಬರ್ತಾನೆ, ಗಿರಾಕಿಗಳು ಬರ್ತಾರೆ. ಅವನೊಬ್ಬ ಬರೋದಿಲ್ಲ.”

ಮಗಳ ಕೈ ಔಷಧಿ ಚೀಲದ ಮೇಲೆ ನಿಂತುಬಿಟ್ಟಿತು. ಯಾರಿಗೂ ಹೇಳಿರಲಿಲ್ಲ ಅವಳು. ಹೇಳುವಂಥದ್ದು ಇತ್ತು ಅನ್ನುವುದನ್ನೂ ಹೇಳಿರಲಿಲ್ಲ. ರಸ್ತೆಯ ಗುಂಡಿ ತಪ್ಪಿಸುವ ಹಾಗೆ ದಿನಾ ಆ ಒಂದು ಹೆಸರನ್ನು ತಪ್ಪಿಸಿ ಪಕ್ಕದಿಂದ ಹಾದುಹೋಗಿದ್ದಳು, ಅಷ್ಟೇ.

“ಅದೂ ಕೇಳಿಸ್ತಿತ್ತಾ ನಿಂಗೆ?”

ತಾಯಿ ಬೆಂಚಿನ ಅಂಚು ಹಿಡಿದು, ಎಲ್ಲೂ ನಿಲ್ಲದೆ ಹೇಳಿಬಿಡಬೇಕೆಂಬಂತೆ ಸಾಕಷ್ಟು ಉಸಿರು ಕೂಡಿಸಿಕೊಂಡಳು.

“ದಮ್ಮು ಬಂದಿರೋದು ಎದೆಗೆ ಕಣೇ, ಕಿವಿಗಲ್ಲ.”