ಬಿರುಕಿಗೆ ಸುರಿದ ಬಣ್ಣ

"ತೊರೆ ಬತ್ತಿದ್ದು ಬಿಸಿಲಿಗೆ ಕಣಮ್ಮಾ, ನಮ್ಮ ಗಣಿಯಿಂದಲ್ಲ," ಎಂದು ಮ್ಯಾನೇಜರ್ ನಗುತ್ತಿದ್ದಂತೆಯೇ, ಊರಿಗೆ ನೀರು ಬಿಡುವಾಕೆ ತೊರೆಯ ತಳದ ಬಿರುಕಿಗೆ ಒಂದು ಕೊಡ ಹಸಿರು ಬಣ್ಣದ ನೀರು ಸುರಿದಳು. ಬಿರುಕು ಅದನ್ನು ಗಟಗಟ ಕುಡಿಯಿತು. "ಬಿಸಿಲಾದ್ರೆ ನೀರನ್ನ ಮೇಲಕ್ಕೆ ಎಳೀಬೇಕಲ್ವಾ ಸಾರ್? ಪಾಳಿ ಮುಗಿಯೋವರೆಗೂ ಕಾಯೋಣ."

ಸಂಜೆ ಪಾಳಿ ಮುಗಿಸಿ ಗಣಿಯ ಬಾಯಿಂದ ಹೊರಬಂದ ಆಕೆಯ ಭಾವನ ಮೀಸೆಯೂ ಹಸಿರಾಗಿತ್ತು. "ನಾದಿನಿ, ನನ್ನನ್ನ ಗಿಳಿ ಮಾಡಿಬಿಟ್ಟೆಯಲ್ಲೇ! ಒಳಗೆ ಚಾವಣಿಯಿಂದ ಇದೇ ತೊಟ್ಟಿಕ್ತಿದೆ."

ಮ್ಯಾನೇಜರ್ ಅವನ ಒದ್ದೆ ತೋಳು ಮುಟ್ಟಿ, ಹಸಿರಾದ ತನ್ನ ಬೆರಳನ್ನೇ ನೋಡುತ್ತ ನಿಂತ. ಆಮೇಲೆ ಫೋನ್ ತೆಗೆದ. "ತೊರೆ ಕೆಳಗೆ ತೋಡೋದು ಈಗಲೇ ನಿಲ್ಸಿ. ಮೊದಲು ಬಿರುಕು ಮುಚ್ಚಿ."

"ಅಲ್ಲೀವರೆಗೂ ಊರಿಗೆ ನೀರಿನ ಟ್ಯಾಂಕರ್ ಕಂಪನಿಯದೇ ಅಂತಾನೂ ಹೇಳಿಬಿಡಿ," ಎಂದಳು ಆಕೆ.

ಆತ ಹೇಳಿದ.