ಬುಟ್ಟಿಯ ಭಾರ

"ಸುರುವಲೇ," ಎಂದ ಮನೋಹರ್.

ಗಾರ್ಡ್ ಹಂಪೇಶ ಬುಟ್ಟಿಯನ್ನು ಗೇಟಿನ ಮುಂದೆ ಬೋರಲು ಹಾಕಿದ. ಕರ್ರಗಿನ ರಾಶಿ, ಅದರಲ್ಲಿ ಮಿಸುಕಾಡುವ ಎರೆಹುಳು. ಮೇಲೂ ಕಪ್ಪು, ಕೆಳಗೂ ಕಪ್ಪು. ಅದಿರಿನ ಒಂದು ಹರಳೂ ಇಲ್ಲ. ಉಚ್ಚೆಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಎತ್ತಲೋ ನೋಡುತ್ತ ನಿಂತಿದ್ದಳು.

"ಹುಳ ಬಿಸಲಿಗೆ ಸಾಯ್ತಾವ ಸರ್. ತುಂಬ್ಲಾ?"

"ಹುಳದ ಚಿಂತಿ ನಿನಗ್ಯಾಕಲೇ?"

ಮನೋಹರ್ ಆ ಅದಿರು ಯಾರ್ಡಿಗೆ ಸೂಪರ್‌ವೈಸರ್ ಆಗಿ ಬಂದು ಎರಡು ತಿಂಗಳಾಗಿತ್ತು. ಅದಿರಿನ ಧೂಳಿಗೂ ಬಂಗಾರದ ಬೆಲೆ ಬಂದ ಕಾಲ. ಯಾರನ್ನು ನೋಡಿದರೂ ಅವನಿಗೆ ಕಳ್ಳರಂತೆ ಕಾಣುತ್ತಿದ್ದರು. ಸಂಡೂರಿನ ಗುಡ್ಡದಿಂದ ಲಾರಿಗಳು ಹಗಲಿಡೀ ತಂದು ಸುರಿಯುತ್ತಿದ್ದವು. ಆ ಕೆಂಪು ಗುಡ್ಡೆಗಳ ನಡುವೆ ಉಚ್ಚೆಂಗಮ್ಮನ ಎರಡು ಗುಂಟೆ ಹೊಲ ಸಿಕ್ಕಿಬಿದ್ದಿತ್ತು. ಹೋಗಿಬರಲು ಇದೊಂದೇ ಗೇಟು. ಕಡೆಗೆ ಹೊಲವೂ ಯಾರ್ಡಿನ ಪಾಲಾಯಿತು. ಮನೆಯವರು ಅವಳನ್ನು ಒಂದು ಮಾತೂ ಕೇಳದೆ ರುಜು ಹಾಕಿಬಿಟ್ಟಿದ್ದರು. ಅವಳಿಗೆ ಉಳಿದದ್ದು ಕಾಗದದ ಒಂದು ಸಾಲು: ನಿಂತ ಮೆಕ್ಕೆಜೋಳ ಕೊಯ್ಯುವ ತನಕ ಬಂದುಹೋಗಬಹುದು, ಗುಂಡಿಯ ಎರೆಗೊಬ್ಬರ ಒಯ್ಯಬಹುದು, ಬೇರೇನೂ ಗೇಟು ದಾಟಬಾರದು.

ಅದು ಮೊದಲು ಬರೀ ಗರಸು, ಕಲ್ಲುಹರಳಿನ ನೆಲ. ಮೆಕ್ಕೆಜೋಳ ಮೊಣಕಾಲೆತ್ತರ ಬಂದು ಹಳದಿಯಾಗಿ ನಿಂತುಬಿಡುತ್ತಿತ್ತು. ಉಚ್ಚೆಂಗಮ್ಮ ಸಗಣಿ, ಕಬ್ಬಿನ ಒಣಗರಿಯ ರವದಿ ಗುಂಡಿಗೆ ಹಾಕಿ ಹುಳು ಸಾಕಿದಳು. ಏಳು ವರ್ಷ ಆ ಗೊಬ್ಬರ ಬೆರೆಸಿದಳು. ಈಗ ಆಳೆತ್ತರದ ಬೆಳೆ. ಅದನ್ನು ಬಿಟ್ಟು ನಡೆ ಎಂದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಅವಳ ತಮ್ಮ ಎರ್ರಿಯಪ್ಪ ಮಲಪನಗುಡಿಯಲ್ಲಿ ಒಂದು ತುಂಡು ನೆಲ ಕೊಟ್ಟಿದ್ದ. ಅದೂ ಗರಸೇ. ಅಲ್ಲಿ ಮತ್ತೆ ಬೆಳೆ ಕಾಣಬೇಕೆಂದರೆ ಇಲ್ಲಿಂದ ಒಯ್ಯಬೇಕು. ಅದಕ್ಕೇ ನಾಲ್ಕು ತಿಂಗಳಿಂದ ಗೇಟಿನಾಚೆ ಅವನ ಬಂಡಿ, ದಿನಕ್ಕೆ ಹತ್ತು ಬುಟ್ಟಿ.

"ಹಿಂದಿನ ಸಾಲು ಕೊಯ್ದು ಭಾಳ ದಿನ ಆತು. ಮುಂದಿಂದು ಯಾಕ ಹಂಗ ಬಿಟ್ಟೀಯಮ್ಮ?" ಎಂದ ಮನೋಹರ್.

"ಇನ್ನಾ ಒಣಗಿಲ್ರಿ," ಎಂದಳು ಉಚ್ಚೆಂಗಮ್ಮ.

ಅವನು ಹಂಪೇಶನತ್ತ ತಿರುಗಿದ. "ಗುಂಡಿ ಎಷ್ಟದಾವಲೇ?"

"ನಾಕು ಸರ್. ಒಂದೊಂದೂ ಬಾಂವಿ ಇದ್ದಂಗ."

ಗೇಟಿನ ಕೋಣೆಯ ಕಿಟಕಿಕಟ್ಟೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಇತ್ತು. ಉಚ್ಚೆಂಗಮ್ಮ ದಿನಾ ಬೆಳಗ್ಗೆ ಅದನ್ನಿಟ್ಟು, ಹಂಪೇಶನ ಮುಖ ಕೂಡ ನೋಡದೆ ಒಳಗೆ ಹೋಗುತ್ತಿದ್ದಳು. ಇದು ಮನೋಹರ್ ಕಣ್ಣಿಗೆ ಬಿದ್ದಿತ್ತು.

"ರೊಟ್ಟಿ ತಿಂದು ಗೇಟ್ ತೆಗೀತೀಯೇನಲೇ? ಒಂದು ಹಿಡಿ ಅದಿರು ಹೋತಂದ್ರ ಆಕಿಗೆ ಗೇಟ್ ಬಂದ್, ನಿನಗ ನೌಕ್ರಿ ಬಂದ್."

ಹಂಪೇಶ ಬೋರಲು ಬಿದ್ದ ಬುಟ್ಟಿ ಎಳೆದುಕೊಂಡ. ನೌಕರಿ ಹೋದರೆ ಹೊರಗೆ ಕಾಲೂರಲು ಗೇಣು ನೆಲವಿಲ್ಲ. ಇಲ್ಲೇ ನಿಂತರೆ ದಿನಾ ಇದನ್ನು ನೋಡಬೇಕು. ಅವನು ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಹುಳು ಆಯ್ದು ಬುಟ್ಟಿ ತುಂಬಿದ.

ಹೊಲದಲ್ಲಾದರೆ ಬದುವಿನ ಮೇಲಿಟ್ಟು ಉಚ್ಚೆಂಗಮ್ಮ ತಾನೇ ಹೊತ್ತುಕೊಳ್ಳುತ್ತಿದ್ದಳು. ತಪಾಸಣೆಗೆಂದು ಗೇಟಿನಲ್ಲಿ ಇಳಿಸಿದ ಬುಟ್ಟಿ ಮತ್ತೆ ತಲೆಗೇರಬೇಕಾದರೆ ಇನ್ನೊಬ್ಬರು ಹೊರಿಸಬೇಕು. ಅವಳು ಸಿಂಬೆ ಇಟ್ಟುಕೊಂಡು ಬಾಗಿದಳು. ಹಂಪೇಶ ಬುಟ್ಟಿ ಎತ್ತಿ ಹೊರಿಸಿದ. ಅವನ ಕತ್ತಿನ ನರ ಉಬ್ಬಿದವು. ಮನೋಹರ್ ಮುಂದಿನ ಲಾರಿ ನೋಡುತ್ತಿದ್ದ. ಮಣ್ಣು ಮುಟ್ಟುವ ಕೆಲಸಕ್ಕೆ ಅವನೆಂದೂ ಕೈ ಹಾಕಿದವನಲ್ಲ.

ಆ ಭಾನುವಾರ ಉಚ್ಚೆಂಗಮ್ಮ ಮುಂದಿನ ಸಾಲಿನ ತೆನೆಗಳನ್ನೂ ಮುರಿದುಕೊಂಡು ಹೋದಳು. ಸೋಮವಾರ ಜೆಸಿಬಿ ಬಂತು. ಮುಂದಿನ ದಂಟುಗಳು ಉರುಳಿದ್ದೇ ತಡ, ಡ್ರೈವರ್ ಬ್ರೇಕ್ ಹಾಕಿದ.

ದಂಟುಗಳ ಹಿಂದೆ ಹೊಲವೇ ಇರಲಿಲ್ಲ.

ಗೇಣಾಳದ ತಗ್ಗು, ತಳದಲ್ಲಿ ಬರೀ ಕೆಂಪು ಗರಸು. ಏಳು ವರ್ಷ ಹುಳು ಉತ್ತು ಕಪ್ಪಾದ ಮಣ್ಣೆಲ್ಲ ಬುಟ್ಟಿ ಬುಟ್ಟಿಯಾಗಿ ಗೇಟು ದಾಟಿ ಮಲಪನಗುಡಿ ಸೇರಿತ್ತು. ಯಾರ್ಡಿಗೆ ಆ ಮಣ್ಣು ಬೇಕಿತ್ತೆಂದಲ್ಲ. ತನ್ನ ಕಣ್ಣೆದುರೇ ಒಂದು ಹೊಲ ಎದ್ದು ಹೋಯಿತಲ್ಲ ಎಂದು ಮನೋಹರ್‌ಗೆ ಮೈಯೆಲ್ಲ ಉರಿದುಹೋಯಿತು. ದಡದಡನೆ ಗೇಟಿಗೆ ಬಂದ.

"ಗೊಬ್ಬರ ಹಗುರ ಇರ್ತೈತಂತ. ಡ್ರೈವರ್ ಹೇಳ್ದ. ದಿನಾ ಎತ್ತಿ ಹೊರಿಸಿದಾಂವ ನೀನು. ಮಣ್ಣಿನ ಭಾರ ಗೊತ್ತಾಗ್ಲಿಲ್ಲೇನಲೇ?"

"ಗೊತ್ತಾತ್ರಿ ಸರ್. ಮೊದಲ್ನೇ ದಿನಾನ."

"ಮತ್ತ ಯಾಕ ಬಿಟ್ಟಿ?"

ಅಂದು ಕಿಟಕಿಕಟ್ಟೆ ಬರಿದಾಗಿತ್ತು. ಹಂಪೇಶ ಟೋಪಿ ತೆಗೆದು ಅಲ್ಲಿಟ್ಟ.

"ಆಕೀನ್ನ ಕೇಳದ ಹೊಲ ಮಾರಿ, ಈ ನೌಕ್ರಿ ಹಿಡಿದಾಂವ ನಾನ ರೀ. ಆಕಿ ನಮ್ಮವ್ವ."